ತೊಯ್ದ ಗಾಡಿಯ ಸಾಕ್ಷಿ

ವಾದದಲ್ಲಿ ಪಳಗಿದವನ ದೊಡ್ಡ ತೊಂದರೆಯೆಂದರೆ, ಮನೆಯಲ್ಲಿ ತೀರ್ಪುಗಾರರು ಇರುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಕೊಟ್ಟರೂ ನಾನು ಗೆದ್ದು ಬರುತ್ತಿದ್ದೆ. ವಾಡಿಯಲ್ಲಿ ರೈಲುಹಳಿಯ ಪಕ್ಕದ ನಮ್ಮ ಮನೆಯಲ್ಲಿ ಮಾತ್ರ, ತಾನು ಎದುರು ಪಕ್ಷದಲ್ಲಿದ್ದೇನೆ ಎಂಬುದೇ ಅವ್ವನಿಗೆ ಗೊತ್ತಿರುತ್ತಿರಲಿಲ್ಲ.

ಆ ಬೇಸಿಗೆಯ ಕೊನೆಗೆ ನೆರೆಮನೆಯ ಬಶೀರ ಭಾಯಿ ರಜೆಗೆ ಬಂದಿದ್ದ. ಮುಂಬಯಿಯಿಂದ ಆಫ್ರಿಕಾಕ್ಕೆ ಸಮುದ್ರ ದಾಟುವ ವಿಮಾನಗಳಲ್ಲಿ ಅವನು ಎರಡನೆಯ ಪೈಲಟ್. ಅವ್ವ ಮಧ್ಯಾಹ್ನದ ಚಹಾ ಕೊಟ್ಟು, "ಸಮುದ್ರದ ಮ್ಯಾಲ ಮುಂದ ಮಳಿ ಅದ ಅಂತ ಹ್ಯಾಂಗ ತಿಳೀತದೋ ಬಶೀರ?" ಎಂದು ಕೇಳಿದಳು.

"ಮೂಗಿನಾಗ ರಾಡಾರ್ ಇರ್ತದ ಕಾಕಿ. ನನ್ನ ಮೂಗಲ್ಲ, ವಿಮಾನದ್ದು! ಮುಂದ ಮಳಿ ಇದ್ರ ಪರದೆ ಮ್ಯಾಲ ಹೊಳೀತದ. ಆದ್ರ ಜೋರು ಮಳಿ ಹಿಂದ ಏನದ ಅಂತ ಅದಕ್ಕ ಪೂರಾ ಕಾಣಂಗಿಲ್ಲ. ಅದಕ್ಕ ಎದುರಿನಿಂದ ಬರೋ ವಿಮಾನದವರಿಗೆ ರೇಡಿಯೋದಾಗ ಕೇಳ್ತೀವಿ, ನೀವು ಬಂದ ದಾರಿ ಹ್ಯಾಂಗದ ಅಂತ."

ನಾನು ಬಿಟ್ಟೇನೆಯೇ? "ಅಷ್ಟು ದೊಡ್ಡ ಯಂತ್ರ ಇಟ್ಕೊಂಡು ಕಡೀಕ ಎದುರು ಬಂದವರ ಮಾತು ನಂಬ್ತೀರೇನು?"

"ಎರಡೂ ನಂಬ್ತೀವಿ ತಮ್ಮಾ. ಯಾವುದನ್ನೂ ಪೂರಾ ನಂಬಂಗಿಲ್ಲ."

ನನಗೆ ಸಿಟ್ಟು ಬಂತು. ಅದು ನಾನು ಆಡಬೇಕಾಗಿದ್ದ ಮಾತು.

ಅಷ್ಟರಲ್ಲಿ ರಾಯಚೂರ ಕಡೆಯಿಂದ ಬಂದ ಗೂಡ್ಸ್ ಗಾಡಿ ಮನೆಯ ಹಿಂದೆ ಹಾದುಹೋಯಿತು. ಅವ್ವ ಚಹಾದ ಬಸಿ ಕೆಳಗಿಟ್ಟಳು. "ಡಬ್ಬಿ ತಲಿ ಎಲ್ಲಾ ತೊಯ್ದಾವ. ಆ ಕಡಿ ನಾಲವಾರ ಸ್ಟೇಶನ್ದಾಗ ಮಳಿ ಆಗ್ಯದ. ಏಳ್ರಿ ಏಳ್ರಿ, ತೊಗರಿ ಮ್ಯಾಲದ!"

ವರ್ಷದ ಬೇಳೆಗೆಂದು ನೆನೆಸಿದ ತೊಗರಿ ಮಾಳಿಗೆಯ ಶಹಾಬಾದ ಕಲ್ಲಿನ ಮೇಲೆ ಒಣಗುತ್ತಿತ್ತು. ಈಗ ಮತ್ತೆ ತೊಯ್ದರೆ ಮುಗ್ಗು ಹಿಡಿದು, ವರ್ಷವಿಡೀ ಅದೇ ವಾಸನೆಯ ಬೇಳೆ ಉಣ್ಣಬೇಕು. ನಮ್ಮ ಓಣಿಯವರೆಲ್ಲ ಗಾಡಿಯ ಮೈ ನೋಡಿಯೇ ಹಪ್ಪಳ, ಬಟ್ಟೆ, ಕಾಳು ಒಳಗೆ ತರುತ್ತಿದ್ದರು. ನನಗೆ ಆ ಪದ್ಧತಿಯ ಮೇಲೆ ಮೊದಲಿನಿಂದಲೂ ಆಕ್ಷೇಪ. ಏಣಿಗೆ ಅಡ್ಡ ನಿಂತೆ.

"ಗಾಡಿ ನಾಲವಾರದಾಗೇ ತೊಯ್ತು ಅಂತ ಏನು ಪುರಾವೆ? ಆ ಮಳಿ ಈ ಕಡೀಗೇ ಬರ್ಲಿಕತ್ತದಂತ ಯಾರು ಹೇಳ್ಯಾರ? ಯಾರರೆ ತೊಳದಿರಬಹುದು!"

"ಗೂಡ್ಸ್ ಗಾಡಿ ತಲಿ ಯಾರು ತೊಳೀತಾರೋ ಶ್ಯಾಣ್ಯಾ? ಸರಿ ಆ ಕಡಿ."

ಬಶೀರ ಭಾಯಿಯನ್ನು ತೀರ್ಪು ಕೇಳಿದೆ. ಅವನು ಒಮ್ಮೆ ಆಕಾಶ ನೋಡಿ ಅಂಗಿಯ ತೋಳು ಮಡಿಚಿದ. "ವಾದದಾಗ ನೀನೇ ಗೆದ್ದಿ ತಮ್ಮಾ. ಈಗ ಚೀಲದ ಬಾಯಿ ಹಿಡಿ."

ಸುಡುವ ಕಲ್ಲಿನ ಮೇಲೆ ಅರ್ಧ ತಾಸು ತೊಗರಿ ಬಳಿದು, ನಾಲ್ಕು ಚೀಲ ಕೆಳಗಿಳಿಸಿದೆವು. ಆಮೇಲೆ ನಾನು ಕಟ್ಟೆಯ ಮೇಲೆ ಕುಳಿತು ಕಾದೆ. ಮಳೆ ಬರಲಿಲ್ಲ. ಮೋಡ ಚಿತ್ತಾಪುರದ ಕಡೆ ಸರಿದುಹೋಯಿತು. ಸಂಜೆಗೆ ಆಕಾಶ ತೊಳೆದಿಟ್ಟ ತಾಟಿನಂತಿತ್ತು.

"ಈಗರೆ ಒಪ್ಕೋರಿ," ಎಂದೆ ಇಬ್ಬರಿಗೂ.

"ನಾವೂ ಮೋಡ ಕಂಡ್ರ ಸುತ್ತ ಹಾಕಿ ಹೋಗ್ತೀವಿ. ಅದರಾಗ ಹೊಕ್ಕಿದ್ರ ಏನಾಗ್ತಿತ್ತಂತ ನೋಡ್ಲಿಕ್ಕ ಯಾರೂ ತಿರುಗಿ ಹೋಗಂಗಿಲ್ಲ," ಎಂದು ಬಶೀರ ಭಾಯಿ ನಕ್ಕ. ಇದು ಉತ್ತರವಲ್ಲ, ಜಾರಿಕೊಳ್ಳುವ ಮಾತು ಎಂದೆ. ಅವ್ವ ಮಾತ್ರ ನೇರವಾಗಿ ಸೋಲೊಪ್ಪಿಕೊಂಡಳು.

"ಆಯ್ತಪ್ಪಾ, ನಿಂದೇ ಖರೆ. ಮಳಿ ಬರೂದು ಬಿಡೂದು ನಿನಗ ಭಾಳ ಗೊತ್ತದ. ನಾಳಿ ತೊಗರಿ ನೀನೇ ಹರವು."

ಅವ್ವನ ಎದುರು ನಾನು ಗೆದ್ದದ್ದು ಅದೊಂದೇ ಸಲ. ಮರುದಿನ ಬೆಳಿಗ್ಗೆ ಒಂದೊಂದೇ ಚೀಲ ಹೆಗಲಿಗೇರಿಸಿ ಮಾಳಿಗೆ ಹತ್ತಿದೆ. ನನಗೆ ಎದುರಾಡುವವರು ಕೆಳಗೆ ಒಬ್ಬರೂ ಇರಲಿಲ್ಲ, ಏಣಿ ಹಿಡಿಯುವವರೂ.