ಜಾಮೀನು, ಚಾಪಿ ಬಾಡಿಗಿ ಮತ್ತು ಮುಳುಗಿದ ಬ್ಯಾಂಕು

ರೊಕ್ಕದ ವ್ಯವಹಾರದಲ್ಲಿ ನಗುವಿಗೆ ಜಾಗವಿಲ್ಲ ಅನ್ನುವವರು ಪುಣೆಯ ನಮ್ಮ ಸಣ್ಣ ಬ್ಯಾಂಕಿನಲ್ಲಿ ಒಂದು ದಿನ ಕೂತು ನೋಡಬೇಕಿತ್ತು! ಬ್ರಿಟಿಷರ ಕಾಲ. ಧಾರವಾಡದಿಂದ ಬಂದ ನಾನು ಅಲ್ಲಿ ಕಾರಕೂನ. ಇಂಥ ಪ್ರಸಂಗಗಳು ನಡೆಯುತ್ತಲೇ ಇದ್ದವು.

ಬಲ್ಲವರ ಜಾಮೀನು

ಸಾಲ ಬೇಕಾದವರು ತಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರ ಜಾಮೀನು ತರಬೇಕೆಂಬುದು ನಮ್ಮ ನಿಯಮ. ಒಬ್ಬ ಶಾಲಾ ಮಾಸ್ತರರು ಕೋಟು, ರುಮಾಲು ಧರಿಸಿದ ಗೃಹಸ್ಥರೊಬ್ಬರನ್ನು ಕರೆತಂದರು.

"ಇವರನ್ನ ಚೊಲೋ ಬಲ್ಲಿರೇನು?" ಮ್ಯಾನೇಜರು ಗೃಹಸ್ಥರನ್ನು ಕೇಳಿದರು.

"ಓಹೋ! ಭಾಳ ಚೊಲೋ ಮನಷ್ಯಾರಿ!"

"ಹೆಸರೇನು ಇವರದು?"

ಗೃಹಸ್ಥರು ಮಾಸ್ತರರ ಕಡೆ ತಿರುಗಿ, "ನಿಮ್ಮ ಹೆಸರು ಏನಂದ್ರಿ?" ಅಂದುಬಿಟ್ಟರು.

ಮ್ಯಾನೇಜರು ಕೆಂಡಾಮಂಡಲ. "ನಿಮ್ಮ ಹೆಸರ ಗೊತ್ತಿಲ್ಲದವರನ್ನ ಜಾಮೀನಿಗೆ ತರತೀರೇನ್ರಿ ಮಾಸ್ತರ?"

ಮಾಸ್ತರರು ಕೈಮುಗಿದರು. "ಏನ ಮಾಡ್ಲಿ ಸಾಹೇಬ್ರ, ನನ್ನ ಹೆಸರ ಗೊತ್ತಿದ್ದವರು ಯಾರೂ ಬರವಲ್ರು!"

ಚಾಪಿ ಬಾಡಿಗಿ

ಸಾಹುಕಾರರು ಲೈಸೆನ್ಸ್ ತೆಗೆದುಕೊಳ್ಳಬೇಕು, ಮನಸ್ಸಿಗೆ ಬಂದಷ್ಟು ಬಡ್ಡಿ ಹಾಕಬಾರದು ಎಂದು ಹೊಸ ಕಾಯದೆ ಬಂತು. ನನಗೆ ಖುಷಿಯೋ ಖುಷಿ! ತಂಗಿಯ ಮದುವೆ ಎದುರಿಗಿತ್ತು, ನಮ್ಮ ಬ್ಯಾಂಕು ನೌಕರರಿಗೆ ಸಾಲ ಕೊಡುತ್ತಿರಲಿಲ್ಲ. ಪುಣೆಯ ಕ್ಯಾಂಪ್ ಪ್ರದೇಶದಲ್ಲಿದ್ದ ಬೆಳಗಾವಿ ಕಡೆಯ ಸಾಹುಕಾರರಲ್ಲಿಗೆ ಓಡಿದೆ. ಗೋಡೆಯ ಮೇಲೆ ಸರಕಾರಿ ಬಡ್ಡಿದರ ದೊಡ್ಡ ಅಕ್ಷರದಲ್ಲಿ ಬರೆದಿತ್ತು.

"ಕಾಯದೆ ಪ್ರಕಾರನ ಬಡ್ಡಿ ಅಲ್ರಿ?"

"ದೇವರಾಣಿ! ಒಂದು ಪೈ ಹೆಚ್ಚಿಲ್ಲ," ಎನ್ನುತ್ತ ಲೆಕ್ಕ ತೋರಿಸಿದರು. ನೋಡಿದರೆ ಮೊತ್ತ ಕಾಯದೆ ಬರುವ ಮೊದಲಿನಷ್ಟೇ!

"ಇದೇನ್ರಿ ಮತ್ತ?"

"ಬಡ್ಡಿ ಗೋಡಿ ಮ್ಯಾಲಿನಷ್ಟ ಅದ. ಉಳಿದದ್ದು ನೀವು ಕೂತ ಚಾಪಿ ಬಾಡಿಗಿ. ಕಾಯದೆದಾಗ ಚಾಪಿ ಸುದ್ದಿನ ಇಲ್ಲ."

ತಟ್ಟನೆ ಎದ್ದೆ. "ಹಂಗಾದ್ರ ನಿಂತ ತಗೋತೀನಿ!"

"ನಿಲ್ರಿ, ನಿಲ್ರಿ," ಸಾಹುಕಾರರು ನಕ್ಕರು. "ನಿಂತವರಿಗೆ ನೆರಳಿನ ಬಾಡಿಗಿ."

ಬ್ಯಾಂಕ್ ಮುಳುಗಿತಂತ!

ಒಮ್ಮೆ ಸುಣ್ಣ ಬಳಿಸಲು ಬ್ಯಾಂಕಿನ ಬಾಗಿಲು ಅರ್ಧ ದಿನ ಮುಚ್ಚಿದೆವು. ಅಷ್ಟೇ ಸಾಕಾಯಿತು. "ಬ್ಯಾಂಕ್ ಮುಳುಗಿತು!" ಎಂದು ಪೇಠೆಯ ತುಂಬ ಸುದ್ದಿ. ಮರುದಿನ ಬಾಗಿಲು ತೆರೆದಾಗ ಬೀದಿಯೆಲ್ಲ ಜನ! ಎಲ್ಲರಿಗೂ ಒಮ್ಮೆಲೇ ಎಲ್ಲಿಂದ ಕೊಡುವುದು? ಠೇವಣಿಗೆ ಸರಕಾರದ ಆಸರೆ ಆಗ ಎಲ್ಲಿತ್ತು? ಮ್ಯಾನೇಜರ ಮುಖ ಹೊಸ ಸುಣ್ಣಕ್ಕಿಂತ ಬೆಳ್ಳಗಾಗಿತ್ತು.

ಸಾಲಿನ ಮುಂದೆ ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ. ತನ್ನ ಅಷ್ಟೂ ರೊಕ್ಕ ತೆಗೆದು, ಸೆರಗಿಗೆ ಗಂಟು ಹಾಕಿ, ಬಾಗಿಲ ತನಕ ಹೋದಳು. ಹೊರಗಿನ ಗದ್ದಲ ನೋಡಿ ಗಕ್ಕನೆ ನಿಂತಳು. ಹಾಗೇ ತಿರುಗಿ, ಠೇವಣಿ ಕಿಟಕಿಯಲ್ಲಿದ್ದ ನನ್ನ ಹತ್ತಿರ ಬಂದಳು.

"ತಮ್ಮಾ, ಇದನ್ನ ಇಟಗೋ."

"ಅಜ್ಜಿ, ಈಗಷ್ಟ ತಗೊಂಡ್ರಲ್ಲಾ!"

"ಇಷ್ಟ ಮಂದಿ ನಡುವ ಹೆಂಗ ಒಯ್ಯಲೋ? ಕಳ್ರು ಇರತಾರ!"

ಈ ಮಾತು ದೂರದವರಿಗೆ ಕೇಳಲಿಲ್ಲ. ಕಂಡದ್ದು ರೊಕ್ಕ ಒಳಗೆ ಹೋದದ್ದು ಮಾತ್ರ. "ಅಜ್ಜಿ ವಾಪಸ್ ಇಡಾಕತ್ತಾಳ! ಒಳಗಿನ ಸುದ್ದಿ ಗೊತ್ತಿರಬೇಕು!" ಎಂದು ಒಬ್ಬರು ಕೂಗಿದರು. ಮರಾಠಿಯಲ್ಲಿ, ಕನ್ನಡದಲ್ಲಿ ಅದೇ ಮಾತು ಬೀದಿಯ ತುದಿ ಮುಟ್ಟಿತು. ನೋಡನೋಡುತ್ತ ಅರ್ಧ ಜನ ಮನೆಗೆ, ಉಳಿದರ್ಧ ನನ್ನ ಕಿಟಕಿಗೆ!

ಮ್ಯಾನೇಜರು ಓಡಿಬಂದು ಅಜ್ಜಿಯ ಕಾಲಿಗೆ ಬಿದ್ದರು. "ಬ್ಯಾಂಕ್ ಉಳಿಸಿದ್ರಿ ತಾಯಿ!"

"ಅದಿರಲಿ," ಅಂದಳು ಅಜ್ಜಿ, "ಈ ಮಂದಿ ಕರಗಿದ ಮ್ಯಾಲೆ ನಾಳೆ ಬರತೀನಿ. ಬ್ಯಾಂಕ್ ಮುಳುಗೋದ್ರೊಳಗ ನನ್ನ ರೊಕ್ಕ ಕೊಟ್ಟಬಿಡಪಾ."