ಅಕ್ಕ ನಂಬಿದ ಎಣ್ಣೆ

ನನ್ನ ಅಕ್ಕನಿಗೆ ದೇವರ ಮೇಲೆ ನಂಬಿಕೆ ಇತ್ತು. ದೇವರ ದೀಪಕ್ಕೆ ಹಾಕುವ ಎಣ್ಣೆಯ ಮೇಲೆ ಮಾತ್ರ ಇರಲಿಲ್ಲ!

ಕಟಪಾಡಿಯಲ್ಲಿ ಎಣ್ಣೆ ಮಿಲ್ಲು ಇರಲಿಲ್ಲವೇ? ಇತ್ತು, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಅದರ ಮಾಲೀಕ ಒಮ್ಮೆ "ನಾಳೆ ಬನ್ನಿ, ಎಣ್ಣೆ ತೆಗೆದಿಡ್ತೇನೆ" ಎಂದುಬಿಟ್ಟ. ಕಣ್ಣೆದುರು ತೆಗೆಯದ ಎಣ್ಣೆಯೇ! ಅಂದಿನಿಂದ ಅಕ್ಕ ಕೊಬ್ಬರಿ ಚೀಲವನ್ನು ಬಸ್ಸಿಗೆ ಹಾಕಿ ಕಾರ್ಕಳಕ್ಕೆ ಹೋಗತೊಡಗಿದಳು. ಕೊನೆಯ ಹನಿ ಬೀಳುವ ತನಕ ಯಂತ್ರದ ಎದುರು ಕುಕ್ಕರುಗಾಲಿನಲ್ಲಿ ಕುಳಿತಿರುತ್ತಿದ್ದಳು.

"ಅಕ್ಕಾ, ಊಟಕ್ಕಾದ್ರೂ ಏಳಿ" ಎಂದ ಅಲ್ಲಿಯ ಮಿಲ್ಲಿನವ.

"ನೀವು ಉಂಡು ಬನ್ನಿ. ನಾನಿದ್ದೇನೆ."

"ನನ್ನ ಮಿಲ್ಲಿಗೆ ನೀವು ಕಾವಲಾ?"

"ಮಿಲ್ಲು ಯಾರಿಗೆ ಬೇಕು ಮಾರಾಯ್ರೆ? ನನ್ನ ಕೊಬ್ಬರಿಗೆ!"

ಇನ್ನೊಮ್ಮೆ ಕಾಪುವಿನ ಸಂಬಂಧಿಕರು ಒಂದು ಬಾಟಲಿ ತೆಂಗಿನೆಣ್ಣೆ ಕೊಟ್ಟರು. ಶುದ್ಧವಾಗಿದ್ದರೆ ತಣ್ಣಗಾದಾಗ ಹೆಪ್ಪುಗಟ್ಟಬೇಕು. ನಮ್ಮೂರ ಸೆಕೆಯಲ್ಲಿ ತಣ್ಣಗಾಗುವುದೆಲ್ಲಿ? ಅಕ್ಕ ಮೀನು ಮಾರುವವಳ ಐಸಿನೊಳಗೆ ಬಾಟಲಿಯನ್ನು ಹುಗಿದಳು. ಎಣ್ಣೆ ಬೆಣ್ಣೆಯಾಯಿತು. ಅಕ್ಕ ಸಂತೋಷದಿಂದ ತಲೆಗೆ ಹಚ್ಚಿದಳು. ಮುಚ್ಚಳ ಸಡಿಲವಿತ್ತೆಂದು ಗೊತ್ತಾದದ್ದು ಆಮೇಲೆ. ಒಂದು ವಾರ ಊರಿನ ಬೆಕ್ಕುಗಳೆಲ್ಲ ಅವಳ ಹಿಂದೆ!

ಎಂಬತ್ತರ ದಶಕದಲ್ಲಿ ನಾನು ಬಹರೈನಿನ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅಲ್ಲಿನ ಅಡುಗೆಯವ ಮೊರೊಕ್ಕೊ ದೇಶದವನು. ಅವನ ತಾಯಿ ಆರ್ಗನ್ ಎಂಬ ಕಾಯಿಯನ್ನು ಕಲ್ಲಿನಿಂದ ಒಡೆದು, ಬೀಜ ಅರೆದು ಹಿಂಡಿದ ಎಣ್ಣೆಯ ಸಣ್ಣ ಬಾಟಲಿಯೊಂದನ್ನು ಅವನು ನನಗೆ ಕೊಟ್ಟ. ಅಕ್ಕ ಬೀಡಿ ಕಟ್ಟುವವಳು. ಒಣ ಎಲೆ, ಹೊಗೆಸೊಪ್ಪು ತಾಗಿ ಬೆರಳುಗಳು ಬಿರಿದಿದ್ದವು. ರಜೆಯಲ್ಲಿ ಬಂದಾಗ ಅವಳಿಗೆ ಕೊಟ್ಟೆ. ವಿಚಾರಣೆ ಶುರುವಾಯಿತು.

"ಬೀಜ ಹುರಿದದ್ದಾ, ಹಸಿಯದ್ದಾ?"

"ತಿನ್ನುವ ಎಣ್ಣೆಗೆ ಹುರಿಯುತ್ತಾರಂತೆ. ಇದು ಮೈಗೆ ಹಚ್ಚುವುದು, ಹಸಿ ಬೀಜದ್ದು."

"ಹಿಂಡಿದ್ದು ಯಾರು?"

"ಅವನ ಅಮ್ಮ. ಅಲ್ಲಿ ಆಡುಗಳೇ ಆ ಮರ ಹತ್ತಿ ಕಾಯಿ ತಿನ್ನುತ್ತವಂತೆ ಅಕ್ಕ."

"ಎಣ್ಣೆಯನ್ನು ನಂಬುವ. ಮರ ಹತ್ತುವ ಆಡು ಬೇಡ ಮಾರಾಯ!"

ಮೊಣಕೈಯ ಒಳಬದಿಗೆ ಒಂದು ಹನಿ ಹಚ್ಚಿ, ಇಡೀ ದಿನ ಕಾದು, ಚರ್ಮ ಕೆಂಪಾಗಲಿಲ್ಲವೆಂದು ನೋಡಿಯೇ ಬೆರಳಿಗೆ ಮುಟ್ಟಿಸಿದಳು. ತಿಂಗಳೊಳಗೆ ಬಿರುಕುಗಳು ಮುಚ್ಚಿದವು. ಬಾಟಲಿ ಮುಗಿದ ಮೇಲೆ "ಇನ್ನೊಂದು ತಾ" ಎಂದು ಕಾಗದ ಬಂತು. ಬೀಡಿ ಕಟ್ಟಿ ನನ್ನನ್ನು ಸಾಕಿದವಳು ನನ್ನಿಂದ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ಅಷ್ಟರಲ್ಲಿ ಅಡುಗೆಯವ ತನ್ನ ದೇಶಕ್ಕೆ ಹೋಗಿಬಿಟ್ಟಿದ್ದ. ಅವನ ವಿಳಾಸ ಹುಡುಕಬಹುದಿತ್ತು, ಹುಡುಕಲಿಲ್ಲ. ಊರಿಗೆ ಹೊರಡುವ ಹಿಂದಿನ ದಿನ ರಸ್ತೆ ಬದಿಯಲ್ಲಿ ಅದೇ ಬಣ್ಣದ, ಹೆಸರಿನ ಚೀಟಿಯೂ ಇಲ್ಲದ ಯಾವುದೋ ಎಣ್ಣೆ ಕೊಂಡು ತಂದೆ.

"ಅದೇ ಅಮ್ಮ ಹಿಂಡಿದ್ದಾ?"

"ಹೌದು" ಎಂದೆ.

ಅಕ್ಕ ಮೂಸಿಯೂ ನೋಡದೆ ಅಂಗೈಗೆ ಸುರಿದುಕೊಂಡಳು. ನನಗೇ ಹೆದರಿಕೆಯಾಯಿತು.

"ಮೊಣಕೈಗೆ ಹಚ್ಚಿ ನೋಡುವುದಿಲ್ವಾ?"

"ನೀನು ತಂದದ್ದಲ್ವಾ? ಎಂತ ನೋಡ್ಲಿಕ್ಕುಂಟು!"

ಮೂರನೆಯ ದಿನ ಎರಡೂ ಕೈಗಳಲ್ಲಿ ಗುಳ್ಳೆ ಎದ್ದವು. ಮಣಿಪಾಲದಲ್ಲಿ ಡಾಕ್ಟರು "ಎಂತ ಹಚ್ಚಿದ್ದು?" ಎಂದು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತು.

"ಹೊಗೆಸೊಪ್ಪಿನದ್ದೇ ಇರ್ಬೇಕು ಡಾಕ್ಟ್ರೆ" ಎಂದಳು.

ನಾನು ಡಾಕ್ಟರು ಬರೆದ ಚೀಟಿ ಹಿಡಿದು ಔಷಧಿ ತರಲು ಹೋದೆ.

ರಜೆ ಮುಗಿದ ದಿನ, ಬಟ್ಟೆ ಸುತ್ತಿದ ಕೈಯಿಂದಲೇ ಬಸ್ಸಿನ ಕಿಟಕಿ ಹಿಡಿದು ಹೇಳಿದಳು: "ಇನ್ನು ಬರುವಾಗ ಎಂತದೂ ತರ್ಬೇಡ. ನೀನು ಬಾ, ಸಾಕು."

ಮುಂದಿನ ರಜೆಗೆ ಊರಿಗೆ ಹೊರಟಾಗ, ಆ ಎಣ್ಣೆಯ ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದೆ. ಮನೆ ಮುಟ್ಟುವಾಗ ಅಕ್ಕ ತೀರಿಕೊಂಡು ಹನ್ನೊಂದು ದಿನ ಕಳೆದಿತ್ತು.

ಈಗಲೂ ಕಟಪಾಡಿಯಲ್ಲಿ ಬರಿಗೈಯಲ್ಲಿ ಇಳಿಯುತ್ತೇನೆ. "ಬಂದೆ ಅಕ್ಕ" ಎನ್ನಲು ಅವಳಿಲ್ಲ.