ಅಸ್ತರವಿಲ್ಲದ ಮಡಿ ಚೀಲ

ಆ ದಿನ ಬೆಳಿಗ್ಗೆಯೂ ಎಂದಿನಂತೆ ನಾನು ಎದ್ದು ಮಾಡಿದ ಮೊದಲ ಕೆಲಸವೆಂದರೆ, ಬಚ್ಚಲ ಪಕ್ಕದ, ಬಟ್ಟೆ ಒಣಹಾಕುವ ಗಳದ ಕೆಳಗೆ ನಿಂತು, ಮೂಗು ಮೇಲೆತ್ತಿ, ಅತ್ತೆಯವರ ಸೀರೆಯ ವಾಸನೆ ನೋಡಿದ್ದು. ಇದನ್ನು ಓದಿ ಯಾರೂ ತಪ್ಪು ತಿಳಿಯಬಾರದು. ಮಡಿಗೆಂದು ಒಗೆದು ಹಾಕಿದ ಸೀರೆಯನ್ನು ಸ್ನಾನವಾಗದ ಸೊಸೆ ಮುಟ್ಟುವಂತಿಲ್ಲ. ಮುಟ್ಟಿದರೆ ಮೈಲಿಗೆ, ಸೀರೆ ಮತ್ತೆ ನೀರಿಗೆ ಬೀಳಬೇಕು. ಆದರೆ ಅದು ಒಣಗಿದೆಯೋ ಇಲ್ಲವೋ ಎಂಬುದನ್ನು ಅತ್ತೆ ಬಚ್ಚಲಿಗೆ ಹೋಗುವ ಮೊದಲೇ ಹೇಳಬೇಕು. ಬೆಳಗಾವಿಯ ಮಳೆಗಾಲದಲ್ಲಿ ಬಾಳುವೆ ಮಾಡಿದ ಸೊಸೆಯರಿಗೆಲ್ಲ ಈ ವಿದ್ಯೆ ತಾನಾಗಿ ಬರುತ್ತದೆ. ತೀರ ಹಸಿ ಸೀರೆಗೆ ಬಾವಿಯ ವಾಸನೆ, ಅರೆ ಒಣಗಿದ್ದಕ್ಕೆ ಹಳೆಯ ಹುಣಸೆಹಣ್ಣಿನ ವಾಸನೆ. ಪೂರಾ ಒಣಗಿದ ಸೀರೆಯ ವಾಸನೆ ಎಂಥದೆಂಬುದು ಆಷಾಢ ಕಳೆಯುವಷ್ಟರಲ್ಲಿ ನಮ್ಮ ಓಣಿಯಲ್ಲಿ ಎಲ್ಲರಿಗೂ ಮರೆತುಹೋಗಿರುತ್ತಿತ್ತು.

"ಹೆಂಗದ?" ಎಂದರು ಅತ್ತೆ ಒಳಗಿನಿಂದ.

"ಹುಣಸೆಹಣ್ಣು," ಎಂದೆ.

"ಛಲೋ ಆತು. ನಿನ್ನೆ ಬಾವಿ ಇತ್ತು," ಎಂದು ಕೆಮ್ಮುತ್ತ ಅವರು ಸ್ನಾನಕ್ಕೆ ಹೋದರು.

ತೊಂದರೆಗಳ ವಿಷಯದಲ್ಲಿ ನಮ್ಮ ಓಣಿಯವರು ಉದಾರಿಗಳು. ಯಾರ ಮನೆಯ ತೊಂದರೆಯೂ ಆ ಮನೆಯಲ್ಲೇ ಉಳಿಯುತ್ತಿರಲಿಲ್ಲ. ಮಧ್ಯಾಹ್ನ ಕಟ್ಟೆಯ ಮೇಲೆ ಹರಡಿಕೊಂಡು, ಎಲ್ಲರೂ ಹಂಚಿಕೊಂಡು, ಸಂಜೆಗೆ ಹಾಗೇ ಮಡಿಚಿ ಒಳಗೆ ಒಯ್ಯುತ್ತಿದ್ದೆವು. ಒದ್ದೆ ಮಡಿಯ ಗೋಳು ಅವುಗಳಲ್ಲೆಲ್ಲ ಹಿರಿದು. ರೇಷ್ಮೆಯುಟ್ಟರೆ ಈ ಕಾಟವಿಲ್ಲ, ಆದರೆ ದಿನವೂ ಒಲೆಯ ಮುಂದೆ ರೇಷ್ಮೆ ಉಡುವ ಶ್ರೀಮಂತಿಕೆ ನಮ್ಮಲ್ಲಿ ಯಾರಿಗಿತ್ತು? ಕೆಂಡದ ಮೇಲೆ ಬಿದಿರಿನ ಪಂಜರ ಬೋರಲು ಹಾಕಿ ಒಣಗಿಸಬಹುದು, ಆದರೆ ಒಂದು ಸೀರೆಗಾಗಿ ಒಂದು ಬೆಂಕಿ, ಅದರ ಮುಂದೆ ಒಬ್ಬ ಹೆಂಗಸು ಮಡಿಯಲ್ಲಿ ಅರ್ಧ ದಿನ ಕೂಡಬೇಕು. ಹೀಗಾಗಿ ಹಿರಿಯ ಹೆಂಗಸರೆಲ್ಲ ಒದ್ದೆಯನ್ನೇ ಉಟ್ಟು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸರದಿಯಂತೆ ಕೆಮ್ಮುತ್ತಿದ್ದರು.

ಈ ಗೋಳನ್ನು ನಾವು ಹೇಳಲು ಕೂಡುತ್ತಿದ್ದೆವು, ಅಂಬಕ್ಕ ಕೇಳಲು ಕೂಡುತ್ತಿದ್ದಳು. ಅದೇ ವ್ಯತ್ಯಾಸ. ಅಂಬಕ್ಕ ನಮ್ಮ ಬಾಜೂ ಮನೆಯವಳು. ಅವಳ ಗಂಡ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತ ಊರೂರು ತಿರುಗುತ್ತಿದ್ದ. ಹೆಂಡತಿಯ ನೆನಪು ಅವನಿಗೆ ದೀಪಾವಳಿಗೊಮ್ಮೆ, ಅದೂ ಕಂಪನಿಗೆ ಒಳ್ಳೆಯ ಗಳಿಕೆಯಾದರೆ, ಆಗುತ್ತಿತ್ತು. ಅವಳ ಅಣ್ಣ ವೆಂಕಣ್ಣ ಖಾನಾಪುರದ ಕಟ್ಟಿಗೆ ಡಿಪೋದಲ್ಲಿ ಕಾರಭಾರಿ. "ಒಬ್ಬಾಕಿ ಯಾಕ ಇರತಿ, ನಮ್ಮನ್ಯಾಗ ಅಡಿಗಿ ನೋಡಿಕೊಂಡು ಇರು ಬಾ," ಎಂದು ಅವನು ಎಷ್ಟೋ ದಿನದಿಂದ ಕರೆಯುತ್ತಿದ್ದ. ಅದರ ಅರ್ಥ ಅಂಬಕ್ಕನಿಗೆ ಚೆನ್ನಾಗಿ ಗೊತ್ತಿತ್ತು. "ವೈನಿ, ಅಲ್ಲಿ ಹೋದ್ರ ನಾ ಜೀವ ಇರೂತನಕಾ ಅತ್ತಿಗಿ ಕೈಯಾಗಿನ ಸೌಟು," ಎಂದು ನನಗೆ ಹೇಳುತ್ತಿದ್ದಳು. ಆದರೆ ಇಲ್ಲಿ ಉಳಿಯಬೇಕಾದರೆ ತನ್ನ ಹೊಟ್ಟೆಯನ್ನು ತಾನೇ ಹೊರೆಯಬೇಕು. ಕಡೆಗೆ ವೆಂಕಣ್ಣ ತಾನೇ ಬಂದು ಕರೆದೊಯ್ಯುವುದಾಗಿ ಹೇಳಿಕಳಿಸಿದ. ನಾನು ಸೀರೆಯ ವಾಸನೆ ನೋಡುತ್ತಿದ್ದ ಆ ದಿನವೇ ಊಟದ ಹೊತ್ತಿನ ರೈಲುಗಾಡಿಗೆ ಅವನು ಬರುವವನಿದ್ದ. ಅಂಬಕ್ಕನ ಟ್ರಂಕು ಹಗ್ಗ ಬಿಗಿಸಿಕೊಂಡು ಅವಳ ಪಡಸಾಲೆಯಲ್ಲಿ ಕೂತಿತ್ತು.

ಆದರೆ ಅಂಬಕ್ಕ ಕೈಕಟ್ಟಿ ಕೂತವಳಲ್ಲ. ಒಂದು ಸೀರೆಗೆ ಒಂದು ಬೆಂಕಿ ದುಬಾರಿಯಾದರೆ ಓಣಿಗೆಲ್ಲ ಒಂದೇ ಬೆಂಕಿ ಯಾಕಾಗಬಾರದು ಎಂಬುದು ಅವಳಿಗೆ ಮಳೆಗಾಲದ ಮೊದಲಲ್ಲೇ ಹೊಳೆದಿತ್ತು. ಖಾನಾಪುರದ ಬಿದಿರಿನ ಪಂಜರಗಳನ್ನು ತಂದಳು, ಇದ್ದಿಲು ಹೊಂದಿಸಿದಳು, ಸೀರೆಗಿಷ್ಟೆಂದು ಕಾಸು ಪಡೆದು ತಾನೇ ಮಡಿಯಲ್ಲಿ ಕೂತು ಎಲ್ಲರ ಸೀರೆ ಒಣಗಿಸಿಕೊಡುವೆನೆಂದಳು. ಎಲ್ಲರಿಗೂ ಸಂತೋಷವಾಯಿತು. ಎಡವಿದ್ದು ಒಂದೇ ಕಡೆ: ಒಣಗಿದ ಮಡಿ ಸೀರೆ ಅವಳ ಮನೆಯಿಂದ ನಿಮ್ಮ ಮನೆಗೆ ಬರುವುದು ಹೇಗೆ? ಮೊದಲ ದಿನ ಅವಳು ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ದೂರ, ದೂರ" ಎನ್ನುತ್ತ ಓಣಿಯಲ್ಲಿ ನಡೆದಳು. ಬ್ರಿಟಿಷರ ದಂಡಿದ್ದ ಕ್ಯಾಂಪಿನ ಕಡೆಯಿಂದ ಬಂದು ನಿಂತಿದ್ದ ಟಾಂಗಾದ ಕುದುರೆ, ಅಲ್ಲಿಯವರೆಗೆ ಸುಮ್ಮನಿದ್ದದ್ದು, ಸರಿಯಾಗಿ ಆಗಲೇ ಮೈ ಕೊಡವಿತು. ಕುದುರೆ ಕೊಡವಿದ ನೀರು ಮೈಲಿಗೆಯೋ ಅಲ್ಲವೋ ಎಂಬ ವಿಷಯದಲ್ಲಿ ಓಣಿ ಇಬ್ಭಾಗವಾಗಿ, ಬೇಳೆ ಕಡ ಕೊಡುವುದೂ ನಿಂತುಹೋಯಿತು.

ಆಮೇಲೊಂದು ದಿನ ಹಲಸಿ ಕಡೆಯ ಕುರುಬನೊಬ್ಬ ಕಂಬಳಿ ಮಾರುತ್ತ ಬಂದ. ನಮ್ಮ ಅತ್ತೆ ಒಂದನ್ನು ಕೊಂಡು, ನೀರು ಚಿಮುಕಿಸದೆ, ನೇರವಾಗಿ ಅಡಿಗೆಮನೆಯ ಹೊಸ್ತಿಲಲ್ಲಿ ಹಾಸಿಸಿದರು. ಅಲ್ಲಿ ನಾನೂ ಇದ್ದೆ, ಅಂಬಕ್ಕನೂ ಇದ್ದಳು. ಸಣ್ಣಪುಟ್ಟದ್ದನ್ನು ಗಮನಿಸುವವಳೆಂದು ನನಗೆ ಚಿಕ್ಕಂದಿನಿಂದ ಹೆಸರು. ಕಂಬಳಿಯ ಕರಿ ಅಂಚಿನಲ್ಲಿ ಎಲ್ಲೋ ಒಂದು ಬಿಳಿ ಎಳೆ ತಪ್ಪಿ ಸೇರಿಕೊಂಡಿದ್ದನ್ನು ನಾನು ಗಮನಿಸಿದೆ; ಎಷ್ಟು ಚಂದ ಎಂದುಕೊಂಡೆ. ಅಂಬಕ್ಕ ಗಮನಿಸಿದ್ದೇ ಬೇರೆ. "ಅಜ್ಜೀ, ಇದಕ್ಕ ಮೈಲಿಗಿ ಇಲ್ಲೇನ್ರಿ?" ಎಂದಳು.

"ಉಣ್ಣಿಗೆಲ್ಲಿ ಮೈಲಿಗಿ ಬಂತು? ಯಾರು ಮುಟ್ಟಿದ್ರೂ ಉಣ್ಣಿ ಉಣ್ಣೀನ," ಎಂದರು ಅತ್ತೆ.

ನಾವು ಹುಟ್ಟಿದಾಗಿನಿಂದ ಕೇಳಿದ ಮಾತು. ಅಂಬಕ್ಕ ಅದನ್ನು ಆ ದಿನವೇ ಹೊಸದಾಗಿ ಕೇಳಿಸಿಕೊಂಡವಳಂತೆ ಕಂಬಳಿಯ ಅಂಚನ್ನು ಮಡಿಚಿ ನೋಡಿದಳು. ನಂತರ ನನ್ನ ಕಡೆ ತಿರುಗಿ, "ವೈನಿ, ಕಂಬಳಿದೊಂದು ಚೀಲಾ ಹೊಲದ್ರ?" ಎಂದಳು. ಉಣ್ಣೆಯ ಚೀಲದೊಳಗೆ ಮಡಿ ಸೀರೆ. ಚೀಲವನ್ನು ಯಾರು ಹೊತ್ತರೂ, ಯಾವ ಕುದುರೆ ಕೊಡವಿದರೂ, ಒಳಗಿನದು ಮಡಿಯೇ. ಇದನ್ನು ನಾನೇಕೆ ಯೋಚಿಸಲಿಲ್ಲ ಎಂದು ಇವತ್ತಿಗೂ ಯೋಚಿಸುತ್ತೇನೆ.

ಯಾಕೆ ಯೋಚಿಸಲಿಲ್ಲವೆಂಬುದಕ್ಕೆ ಉತ್ತರವೂ ಇದೆ. ನಾನೂ ಒಮ್ಮೆ ಉದ್ಯೋಗಕ್ಕೆ ಕೈ ಹಾಕಿದ್ದೆ. ನಮ್ಮ ತಂದೆ ಕ್ಯಾಂಪಿನ ಕಚೇರಿಯಲ್ಲಿದ್ದುದರಿಂದ ನಾನು ಕಲಿತದ್ದು ಅಲ್ಲಿಯ ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ನನಗೆ ಇಂಗ್ಲಿಷನ್ನೂ, ಬಾಗಿಲನ್ನು ಸದ್ದಿಲ್ಲದೆ ಹಾಕುವುದನ್ನೂ, ಹೊಲಿಗೆ ಹೆಣಿಗೆಗಳನ್ನೂ ಕಲಿಸಿದ್ದರು. ಮೊದಲ ಎರಡಕ್ಕೆ ನಮ್ಮ ಓಣಿಯಲ್ಲಿ ಗಿರಾಕಿಗಳಿರಲಿಲ್ಲ. ಮೂರನೆಯದನ್ನು ನಂಬಿ, ಚಹದ ಕೆಟಲಿಗೆ ತೊಡಿಸುವ ಉಣ್ಣೆಯ ಟೋಪಿಗಳನ್ನು ಕೆಂಪಿನಲ್ಲೂ ಹಸಿರಿನಲ್ಲೂ ಹೆಣೆದಿಟ್ಟೆ. ಚಹ ಆರದಂತೆ ಕಾಯುವ ಟೋಪಿ. ಕ್ಯಾಂಪಿನ ಬಂಗಲೆಗಳಲ್ಲಿ ಇದಿಲ್ಲದ ಟೇಬಲ್ಲಿಲ್ಲ. ನಮ್ಮ ಓಣಿಯಲ್ಲಿ ಟೇಬಲ್ಲೂ ಇರಲಿಲ್ಲ, ಕೆಟಲೂ ಇರಲಿಲ್ಲ, ಚಹ ಆರುವಷ್ಟು ಹೊತ್ತು ಅದನ್ನು ಕುಡಿಯದೆ ಬಿಡುವವರೂ ಇರಲಿಲ್ಲ. ಎದುರುಮನೆಯ ಗೋದಕ್ಕ ಮಾತ್ರ ಒಂದನ್ನು ಒಯ್ದು ಕೂಸಿಗೆ ಹಾಕಿದಳು. ಕೆಟಲಿನ ಹಿಡಿಕೆಗೂ ಮೂತಿಗೂ ಬಿಟ್ಟ ಕಂಡಿಗಳು ಕಿವಿಗೆ ಸರಿಯಾದವಂತೆ. ಉಳಿದವು ಪೆಟ್ಟಿಗೆ ಸೇರಿದವು. ಅಂಬಕ್ಕ ಮೊದಲು ತೊಂದರೆ ಹುಡುಕುತ್ತಿದ್ದಳು. ನಾನು ಪರಿಹಾರವನ್ನು ಹೆಣೆದಿಟ್ಟು, ತೊಂದರೆ ಬರಲೆಂದು ಕಾದೆ.

ಆದ್ದರಿಂದ ಚೀಲದ ಕೆಲಸ ಬಂದಾಗ ನನ್ನ ವಿದ್ಯೆಯನ್ನೆಲ್ಲ ಅದರ ಮೇಲೆ ಸುರಿದೆ. ಓಣಿಯಲ್ಲಿ ಮಡಿಯ ಕೊನೆಯ ಮಾತು ನಮ್ಮ ಅತ್ತೆಯವರದೇ. ಅವರು ಹೂಂ ಎಂದರೆ ಎಲ್ಲರೂ ಹೂಂ, ಅಂಬಕ್ಕ ಉಳಿದಳು. ಊಹೂಂ ಎಂದರೆ ಟ್ರಂಕು ಸಂಜೆಯ ಗಾಡಿಗೆ. ಆ ಬೆಳಿಗ್ಗೆ ಚೀಲವನ್ನು ಅವರ ಮುಂದಿಟ್ಟೆವು. ಹುಣಸೆಹಣ್ಣಿನ ವಾಸನೆಯ ಸೀರೆಯುಟ್ಟು, ಕೆಮ್ಮಿಕೊಂಡು, ಮಡಿಕೋಲಿನ ತುದಿಯಿಂದ ಚೀಲದ ಬಾಯಿ ಅಗಲಿಸಿ ಅವರು ಒಳಗೆ ನೋಡಿದರು.

"ಒಳಗ ಇದೇನ ಬೆಳ್ಳಗ?"

"ಅಸ್ತರ," ಎಂದೆ ಹೆಮ್ಮೆಯಿಂದ. ಅಸ್ತರವಿಲ್ಲದ ಚೀಲವೂ ಪಶ್ಚಾತ್ತಾಪವಿಲ್ಲದ ಪ್ರಾರ್ಥನೆಯೂ ಒಂದೇ ಎಂದು ನಮ್ಮ ಹೊಲಿಗೆಯ ಸಿಸ್ಟರ್ ಹೇಳುತ್ತಿದ್ದರು. ಚೀಲದ ಒಳಮೈಗೆ ಅಚ್ಚಬಿಳಿ ಹತ್ತಿನೂಲಿನ ಮಲ್ಲು ಬಟ್ಟೆ, ಸುತ್ತಲೂ ಸರಪಳಿ ಹೊಲಿಗೆ, ಮೂಲೆಯಲ್ಲೊಂದು ಸಣ್ಣ ಹೂವು.

"ನೂಲಿಂದು, ಹೌದಲ್ಲ?"

"ಹೌದ್ರಿ."

"ಹೊರಗ ಕುರಿ, ಒಳಗ ನೂಲು. ಮೈಲಿಗಿಗೆ ಹಾಸಿಗಿ ಹಾಸಿಕೊಟ್ಟಂಗಾತು," ಎಂದು ಕೋಲನ್ನು ಹಿಂದಕ್ಕೆಳೆದುಕೊಂಡರು.

ಅಂಬಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು. ಬಾಗಿಲಿನಾಚೆ ತನ್ನ ಪಡಸಾಲೆಯಲ್ಲಿ ಕಾಣುತ್ತಿದ್ದ ಟ್ರಂಕಿನ ಕಡೆ ಒಮ್ಮೆ ನೋಡಿದಳು, ಕೂತಳು, ಸೆರಗು ಸಿಕ್ಕಿಸಿದಳು. "ಕತ್ತರಿ ಎಲ್ಲದ, ವೈನಿ?"

ಇಬ್ಬರೂ ಬಿಚ್ಚತೊಡಗಿದೆವು. ಸಿಸ್ಟರ್ ಕಲಿಸಿದ ಹೊಲಿಗೆ ಅದೆಷ್ಟು ಗಟ್ಟಿಯೆಂಬುದು ನನಗೆ ಗೊತ್ತಾದದ್ದು ಆಗಲೇ. ಅಸ್ತರ ಕಳಚಿ ಬಂತು, ಅದರ ಜೊತೆಗೇ ಹೊಲಿದಿದ್ದರಿಂದ ಚೀಲವೂ ಬಿಚ್ಚಿ ಮತ್ತೆ ಕಂಬಳಿಯಾಯಿತು. ಪುನಃ ಹೊಲಿಯಲು ದಾರ ಪೋಣಿಸುತ್ತಿದ್ದಾಗ ಅತ್ತೆ ಒಳಗಿನಿಂದಲೇ, "ದಾರಾನೂ ನೂಲಿಂದs," ಎಂದರು. ಆಮೇಲೆ ನಾನೇ ಎದ್ದು, ಪೆಟ್ಟಿಗೆಯಿಂದ ಕೆಟಲಿನ ಟೋಪಿಗಳನ್ನು ತಂದು ಅವಳ ಮಡಿಲಲ್ಲಿ ಹಾಕಿದೆ. ಒಂದು ತುದಿ ಹಿಡಿದು ಎಳೆದರೆ ಸಾಕು, ಎಷ್ಟೋ ಸಂಜೆಗಳ ನನ್ನ ಹೆಣಿಗೆ ಸುರುಸುರು ಬಿಚ್ಚಿ ಉಣ್ಣೆಯ ಎಳೆಯಾಗಿ ಬಂತು.

ಕೋರ್ಟಿಗೆ ರಜೆಯೆಂದು ಮನೆಯಲ್ಲಿದ್ದ ನಮ್ಮವರು ಇದನ್ನು ಕಂಡರು. ಊರಿನಲ್ಲಿ ಚರಕದ ಗಾಳಿ ಜೋರಾಗಿದ್ದ ಕಾಲ. ಅವರು ಕಚೇರಿಗೆ ವಿಲಾಯತಿ ಕೋಟು ತೊಟ್ಟರೂ ಮನಸ್ಸಿಗೆ ಖಾದಿ ತೊಡಿಸಿದ್ದರು. "ಅವ್ವಾ, ಅದು ವಿಲಾಯತಿ ಉಣ್ಣಿ. ಮಡಿಗೆ ನಡೀತದೇನು?" ಎಂದರು.

"ಕುರಿಗೆ ಎಲ್ಲಿ ವಿಲಾಯತಿ, ಎಲ್ಲಿ ಹಲಸಿ? ಕುರಿ ಅಂದ್ರ ಕುರಿ," ಎಂದು ಅತ್ತೆ ತೀರ್ಪು ಕೊಟ್ಟರು.

ಕರಿ ಕಂಬಳಿಗೆ ಕೆಂಪು ಹಸಿರು ಹೊಲಿಗೆ ಮುಗಿಯುವುದಕ್ಕೂ ವೆಂಕಣ್ಣ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಅಣ್ಣ ಬರುವನೆಂದು ಆ ದಿನ ಅಂಬಕ್ಕನಿಗೂ ನಮ್ಮಲ್ಲೇ ಊಟ ಹೇಳಿದ್ದೆವು. ವೆಂಕಣ್ಣ ತೊಯ್ದು ತೊಪ್ಪೆಯಾಗಿದ್ದ. ದೇಸೂರು ಸ್ಟೇಶನ್ನಿನಲ್ಲಿ ಯಾರೋ ಪುಣ್ಯಾತ್ಮ ಎಲೆಯಡಿಕೆ ಉಗುಳಲು ಗಾಡಿಯ ಕಿಟಕಿ ತೆಗೆದವನು ಮುಚ್ಚಲೇ ಇಲ್ಲವಂತೆ; ಮಡಿಗೆಂದು ತಂದ ಪಂಚೆಯೂ ಗಂಟಿನೊಳಗೇ ನೆಂದಿತ್ತು. ಮಡಿಯಿಲ್ಲದೆ ಅವನು ಎಲೆಯ ಮುಂದೆ ಕೂಡುವವನಲ್ಲ, ಹಸಿವೆಯನ್ನು ತಡೆಯುವವನೂ ಅಲ್ಲ.

"ತಡಿ ಅಣ್ಣಾ," ಎಂದು ಅಂಬಕ್ಕ ಪಂಚೆಯನ್ನು ಒಯ್ದಳು. ಸ್ನಾನ ಮಾಡಿ, ಅದನ್ನು ಒಗೆದು ಹಿಂಡಿ, ತನ್ನ ಮನೆಯ ಪಂಜರದ ಮೇಲೆ ಹರವಿ, ತಿರುವಿ, ಒಣಗಿದ ಮೇಲೆ ಚೀಲಕ್ಕೆ ಇಳಿಬಿಟ್ಟು, ಬಾಗಿಲಲ್ಲಿ ನಿಂತು ನಮ್ಮವರನ್ನೇ ಕರೆದಳು. "ರಾಯರ, ಇದನ್ನಿಷ್ಟು ಒಯ್ದು ಕೊಡ್ರಿ." ಬೆಳಿಗ್ಗೆಯಿಂದ ಸ್ನಾನವಿಲ್ಲದೆ, ತಂಬಾಕದ ಕೈಯಲ್ಲಿ ಪತ್ರಿಕೆ ಓದುತ್ತಿದ್ದ ನಮ್ಮವರಿಗಿಂತ ಹೆಚ್ಚಿನ ಮೈಲಿಗೆ ಆ ಓಣಿಯಲ್ಲಿ ಆಗ ಸಿಗುವಂತಿರಲಿಲ್ಲ. ಬೇಕೆಂದೇ ಅವರನ್ನು ಆರಿಸಿದ್ದಳು. ಇವರ ಕೈಯಿಂದ ಬಂದದ್ದು ನಡೆದರೆ ಯಾರ ಕೈಯಿಂದ ಬಂದದ್ದೂ ನಡೆದೀತು. ಎದುರುಮನೆಯ ಕಿಟಕಿಯಲ್ಲಿ ಗೋದಕ್ಕ ಕೂಸನ್ನೆತ್ತಿಕೊಂಡು ನಿಂತಿದ್ದಳು. ನಮ್ಮವರು ಚೀಲ ತಂದಿಟ್ಟರು. ಸ್ನಾನ ಮುಗಿಸಿ ಚಳಿಯಲ್ಲಿ ನಡುಗುತ್ತಿದ್ದ ವೆಂಕಣ್ಣ ಚೀಲವನ್ನು ನೋಡಿದ, ನಮ್ಮವರ ಕೈಯನ್ನು ನೋಡಿದ, ಕೊನೆಗೆ ಅತ್ತೆಯವರನ್ನು ನೋಡಿದ.

"ಉಡ್ರಿ," ಎಂದರು ಅತ್ತೆ.

ಉಟ್ಟ. ಅವನ ಮುಖ ನಿಧಾನವಾಗಿ ಬದಲಾಯಿತು. "ಬಿಸಿ ಅದ," ಎಂದ, ಬಹಳ ಮೆಲ್ಲಗೆ. ಮಳೆಗಾಲದ ನಡುವೆ ಬೆಚ್ಚನೆಯ ಪಂಚೆ ಅವನು ಜನ್ಮದಲ್ಲಿ ಉಟ್ಟಿರಲಿಲ್ಲ. ಅತ್ತೆ ಒಂದು ಕ್ಷಣ ಅವನನ್ನು ನೋಡಿ, "ಅಂಬಕ್ಕಾ, ನಾಳೆ ಮೊದಲು ನಂದು," ಎಂದರು.

ಊಟ ಮಾಡುವಾಗ ವೆಂಕಣ್ಣ ತಂಗಿಯನ್ನು ಕರೆದೊಯ್ಯುವ ಮಾತೆತ್ತಲಿಲ್ಲ. ಮಜ್ಜಿಗೆಯ ಹೊತ್ತಿಗೆ, "ಅಂಬೀ, ಆ ಪಂಜರಾ ಭಾಳ ಸಣ್ಣದಾತಲ್ಲ?" ಎಂದ.

"ಸಂತ್ಯಾಗ ಸಿಕ್ಕಿದ್ದು ಅಷ್ಟs."

"ನಮ್ಮ ಡಿಪೋದಾಗ ಬಿದಿರು ಬಿದ್ದು ಕೊಳ್ಯಾಕತ್ತದ. ಎತ್ತರಾಗಿ ಹೆಣಿಸಿ ಕಳಸತೀನಿ. ಇದ್ದಲೀನೂ ಕಳಸತೀನಿ. ಖರೇ ಹೇಳಬೇಕಂದ್ರ, ನಮ್ಮಲ್ಲಿ ಮಳಿ ನಿಮಗಿಂತ ಹೆಚ್ಚು. ಈ ಚೀಲಾ ನನಗs ಕೊಡು, ನಮ್ಮನ್ಯಾಕಿಗೆ ತೋರಸತೀನಿ."

ಕರೆದೊಯ್ಯಲು ಬಂದವನು ಸಂಜೆಯ ಗಾಡಿಗೆ ಒಬ್ಬನೇ, ಒಣ ಪಂಚೆಯನ್ನು ಚೀಲದಲ್ಲಿಟ್ಟುಕೊಂಡು ಹೋದ. ಅಂಬಕ್ಕ ಟ್ರಂಕಿನ ಹಗ್ಗ ಬಿಚ್ಚಿ ಅದರಿಂದಲೇ ಪಡಸಾಲೆಯಲ್ಲಿ ಇನ್ನೊಂದು ಗಳ ಕಟ್ಟಿದಳು. ದೀಪ ಹಚ್ಚುವ ಹೊತ್ತಿಗೆ ಗೋದಕ್ಕ ತನ್ನ ಸೀರೆಯ ಮಾತಾಡಲು ಬಂದಳು. ಕುದುರೆಯ ವಿಷಯದಲ್ಲಿ ಅವಳು ಎದುರು ಪಕ್ಷದವಳೆಂಬುದು ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ.

ಇಂಗ್ಲಿಷ್ ಪುಸ್ತಕ ಹಿಡಿದ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಕೂಡದೆಂದು ನಮ್ಮ ಮನೆಯಲ್ಲಿ ನಿಯಮವಿತ್ತು. ಈಗ ಇಡೀ ಓಣಿಯ ಮಡಿ ಕಾನ್ವೆಂಟಿನ ಹೊಲಿಗೆಯ ಮೇಲೆ ನಿಂತಿತಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಹೇಳಿಕೊಳ್ಳಲು ಸಮಯ ಕಾಯುತ್ತ, ಅಂಬಕ್ಕನ ಕಟ್ಟೆಯ ಮೇಲೆ ಕೂತು, ನಾಳೆಯ ಚೀಲದ ಹೊಲಿಗೆಗೆಂದು ಕೊನೆಯ ಹಸಿರು ಟೋಪಿಯನ್ನು ಎಳೆ ಮಾಡಿ ಉಂಡೆ ಸುತ್ತುತ್ತಿದ್ದೆ. ಅವಳು ಪಂಜರದ ಕೆಳಗಿನ ಬೂದಿ ತೆಗೆಯುತ್ತ, ನನ್ನ ಕಡೆ ತಿರುಗದೆಯೇ ಅಂದಳು:

"ನಿಮ್ಮ ಸಾಲ್ಯಾಗ ಕಲಿಸಿದ್ದು ಭಾರೀ ಛಲೋ ವಿದ್ಯಾ ನೋಡ್ರಿ ವೈನಿ. ಬಿಚ್ಚಿದಷ್ಟೂ ಉಪಯೋಗಕ್ಕ ಬರತದ."